ಕಾರಿನ ಸೆನ್ಸರ್ ದೋಷ ಪತ್ತೆ ಮಾಡುವ ಕ್ರಮ: ಹಾಸನ–ಚಿಕ್ಕಮಗಳೂರು ಭಾಗದ ಕಾರು ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಮೀಟರ್ ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ ಹೊತ್ತಿಕೊಂಡ ಕೂಡಲೇ ಸ್ಕ್ಯಾನರ್ ಹಾಕಿಸಿ, ಅದರ ಪರದೆಯ ಮೇಲೆ ಯಾವ ಸೆನ್ಸರಿನ ಹೆಸರು ಬರುತ್ತದೆಯೋ ಅದನ್ನೇ ಹೊಸದಾಗಿ ಕೊಂಡು ಹಾಕುವುದು ನಮ್ಮಲ್ಲಿ ಬೇರೂರಿರುವ ರೂಢಿ. ಇದರಿಂದ ಕೆಲವು ಸಲ ಕಾರು ಸರಿಹೋಗುವುದೂ ಉಂಟು. ಸರಿಹೋಗದಿದ್ದಾಗ ಮಾತ್ರ ನಷ್ಟ ದೊಡ್ಡದು. ಊರಿನಲ್ಲಿ ಸಿಗದ ಸೆನ್ಸರನ್ನು ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ತರಿಸಿ ಹಾಕಿದ ಮೇಲೆ ಅದೇ ದೀಪ ಮತ್ತೆ ಹೊತ್ತಿದರೆ, ಒಮ್ಮೆ ಬಳಸಿದ ವಿದ್ಯುತ್ ಬಿಡಿಭಾಗವನ್ನು ವಾಪಸ್ ತೆಗೆದುಕೊಳ್ಳುವ ಅಂಗಡಿ ಸಿಗುವುದು ಕಷ್ಟ.

ದೋಷದ ಕೋಡ್ ಹೆಸರಿಸುವುದು ಒಂದು ಸರ್ಕ್ಯೂಟನ್ನು. ಸೆನ್ಸರ್ ಅದರ ಒಂದು ತುದಿ ಮಾತ್ರ. ಸೆನ್ಸರಿಗೆ ಸಿಕ್ಕಿಸಿರುವ ಕಪ್ಲರ್, ಅದರೊಳಗಿನ ಪಿನ್ನುಗಳು, ಅಲ್ಲಿಂದ ಇಸಿಯುವರೆಗೆ (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನವರೆಗೆ) ಹೋಗುವ ವೈರು, ಇಸಿಯು ಕಳುಹಿಸುವ 5 ವೋಲ್ಟ್ ವಿದ್ಯುತ್ತು, ಕೊನೆಗೆ ಅರ್ತ್, ಇವೆಲ್ಲ ಅದೇ ಸರ್ಕ್ಯೂಟಿಗೆ ಸೇರಿದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕೂರುವ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಕಡೆ ಈ ತುದಿಗಿಂತ ನಡುವಿನ ಭಾಗಗಳೇ ಹೆಚ್ಚು ಅನುಮಾನಕ್ಕೆ ಅರ್ಹ. ತೇವದಿಂದ ಕಪ್ಲರಿನೊಳಗೆ ಕಿಲುಬು ಹಿಡಿಯುತ್ತದೆ. ರಾತ್ರಿ ಇಂಜಿನ್ನಿನ ಬಿಸಿಗೆ ಬಾನೆಟ್ಟಿನೊಳಗೆ ಸೇರುವ ಇಲಿಗಳು ವೈರನ್ನು ಕಚ್ಚುತ್ತವೆ. ತೋಟದ ರಸ್ತೆಯ ಕೆಂಪು ಕೆಸರನ್ನು ತೆಗೆಯಲೆಂದು ವಾಟರ್ ಸರ್ವಿಸ್ ಮಾಡಿಸುವಾಗ ಇಂಜಿನ್ನಿನ ಮೇಲೂ ಜೋರಾಗಿ ನೀರು ಹಾಯಿಸಲಾಗುತ್ತದೆ. ಆದ್ದರಿಂದ ಸರ್ಕ್ಯೂಟಿನ ಉಳಿದ ಭಾಗಗಳೆಲ್ಲ ಸರಿ ಇವೆ ಎಂದು ಅಳೆದು ಖಚಿತಪಡಿಸಿಕೊಂಡ ಮೇಲಷ್ಟೇ ಸೆನ್ಸರನ್ನು ತಪ್ಪಿತಸ್ಥನೆಂದು ಒಪ್ಪಿಕೊಳ್ಳಬೇಕು. ಈ ಮಾರ್ಗದರ್ಶಿಯ ಕ್ರಮವೆಲ್ಲ ಈ ಒಂದು ನಿಯಮವನ್ನೇ ಅನುಸರಿಸುತ್ತದೆ.

ಸಲಕರಣೆ ಮತ್ತು ಎಚ್ಚರಿಕೆ

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಕಾರಿನ ದೋಷದ ಕೋಡ್ ಓದಲು ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸಬಹುದಾದ ಓಬಿಡಿ ಅಡಾಪ್ಟರ್ ಅಥವಾ ಕೈಯಲ್ಲಿ ಹಿಡಿಯುವ ಸ್ಕ್ಯಾನರ್, ಕೆಲವು ಸಣ್ಣ ಗುಂಡುಸೂಜಿಗಳು, ಟಾರ್ಚು, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದ್ದರೆ ಸಾಕು. ನಿಮ್ಮ ಮಾದರಿಯ ವೈರಿಂಗ್ ನಕ್ಷೆ ದೊರೆತರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಒಂದೇ ಕಂಪನಿಯ ಎರಡು ಮಾದರಿಗಳಲ್ಲಿಯೂ ವೈರಿನ ಬಣ್ಣಗಳು ಬೇರೆಯಾಗಿರಬಹುದು. ಬಲ್ಬ್ ಇರುವ ಹಳೆಯ ಟೆಸ್ಟ್ ಲ್ಯಾಂಪನ್ನು ಸೆನ್ಸರ್ ವೈರುಗಳಿಗೆ ಎಂದಿಗೂ ಮುಟ್ಟಿಸಬಾರದು. ಅದು ಎಳೆಯುವ ಕರೆಂಟನ್ನು ತಾಳಿಕೊಳ್ಳುವ ಶಕ್ತಿ ಇಸಿಯುವಿನ ಸೂಕ್ಷ್ಮ ಸರ್ಕ್ಯೂಟುಗಳಿಗೆ ಇರುವುದಿಲ್ಲ.

ಹಳದಿ ಕಪ್ಲರಿನ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿರುತ್ತವೆ, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಇರುತ್ತದೆ. ಈ ಎರಡನ್ನೂ ಮನೆಯಲ್ಲಿ ಮುಟ್ಟಬಾರದು. ಡೀಸೆಲ್ ಕಾಮನ್ ರೈಲ್ ಇಂಜಿನ್ನಿನ ಇಂಧನ ಪೈಪುಗಳಲ್ಲಿ ಸಾವಿರಕ್ಕೂ ಮೀರಿದ ಬಾರ್ ಒತ್ತಡ ಇರುವುದರಿಂದ ರೈಲ್ ಪ್ರೆಶರ್ ಸೆನ್ಸರನ್ನು ಬಿಚ್ಚಿ ನೋಡುವ ಸಾಹಸ ಬೇಡ. ವಾರಂಟಿ ಇರುವ ಕಾರಿನ ವೈರನ್ನು ಕತ್ತರಿಸಿದರೆ ವಾರಂಟಿ ತಕರಾರಿಗೆ ಬರುತ್ತದೆ, ಹಾಗಾಗಿ ಅಂಥ ಕಾರಿನಲ್ಲಿ ನೋಡುವುದು ಮತ್ತು ಅಳೆಯುವುದಕ್ಕಷ್ಟೇ ನಿಲ್ಲಿಸಿ.

ದೀಪದ ಬಣ್ಣವನ್ನೂ ಗಮನಿಸಿ. ಸ್ಥಿರವಾಗಿ ಉರಿಯುವ ಹಳದಿ ಚೆಕ್ ಇಂಜಿನ್ ದೀಪವಿದ್ದರೆ ನಿಧಾನವಾಗಿ ಮನೆ ತಲುಪಬಹುದು. ಅದೇ ದೀಪ ಮಿನುಗುತ್ತಿದ್ದರೆ ಇಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ, ಸುಡದ ಇಂಧನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತಿದೆ ಎಂದರ್ಥ, ಕಾರನ್ನು ನಿಲ್ಲಿಸಬೇಕು. ಆಯಿಲ್ ಒತ್ತಡದ ಅಥವಾ ಬ್ರೇಕಿನ ಕೆಂಪು ದೀಪ ಬಂದಾಗ ‘ಸೆನ್ಸರ್ ಇರಬೇಕು ಬಿಡಿ’ ಎಂದುಕೊಂಡು ಚಾರ್ಮಾಡಿ ಘಾಟಿ ಇಳಿಯುವುದು ಅಪಾಯಕಾರಿ.

ಹಂತ 1: ಕೋಡನ್ನು ಓದಿ, ಬರೆದಿಟ್ಟುಕೊಳ್ಳಿ, ಅಳಿಸಬೇಡಿ

ನಮ್ಮ ದೇಶದಲ್ಲಿ ಏಪ್ರಿಲ್ 2013ರಿಂದ ಬಿಎಸ್–4 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ 4ನೇ ಹಂತದ) ಕಾರುಗಳಿಗೆ ದೋಷವನ್ನು ತಾನೇ ಗುರುತಿಸಿ ದಾಖಲಿಸುವ ಓಬಿಡಿ–2 ವ್ಯವಸ್ಥೆ ಕಡ್ಡಾಯವಾಯಿತು. ಏಪ್ರಿಲ್ 2020ರಿಂದ ಬಂದ ಬಿಎಸ್–6 ಕಾರುಗಳಲ್ಲೆಲ್ಲ ಅದು ಇದೆ. ಸ್ಟಿಯರಿಂಗಿನ ಕೆಳಗೆ ಡ್ಯಾಶ್‌ಬೋರ್ಡಿನಲ್ಲಿ 16 ಪಿನ್ನುಗಳ ಸಾಕೆಟ್ ಇರುತ್ತದೆ. ಅಡಾಪ್ಟರ್ ಸಿಕ್ಕಿಸಿದರೂ ಅದರ ದೀಪ ಬೆಳಗದಿದ್ದರೆ 16ನೇ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ, 4 ಮತ್ತು 5ನೇ ಪಿನ್ನುಗಳಲ್ಲಿ ಅರ್ತ್ ಇದೆಯೇ ಎಂದು ನೋಡಿ. ಬಹುಮಟ್ಟಿಗೆ ಒಂದು ಫ್ಯೂಸ್ ಹೋಗಿರುತ್ತದೆ.

ಕೋಡಿನ ಮೊದಲ ಅಕ್ಷರ ‘ಪಿ’ ಆಗಿದ್ದರೆ ಇಂಜಿನ್ ಅಥವಾ ಗೇರ್‌ಬಾಕ್ಸ್, ‘ಸಿ’ ಆಗಿದ್ದರೆ ಬ್ರೇಕ್ ಮತ್ತು ಚಾಸಿಸ್, ‘ಬಿ’ ಆಗಿದ್ದರೆ ಬಾಡಿ, ‘ಯು’ ಆಗಿದ್ದರೆ ಕಾರಿನ ಕಂಪ್ಯೂಟರುಗಳ ನಡುವಿನ ಸಂಪರ್ಕ. ಈ ವರ್ಗೀಕರಣಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಕೋಡಿನ ವಿವರಣೆಯ ಕೊನೆಯಲ್ಲಿ ಬರುವ ‘ಲೋ’ ಅಥವಾ ‘ಹೈ’ ಎಂಬ ಪದ. ಅದನ್ನು ಬಹಳ ಮಂದಿ ಓದದೆ ಬಿಡುತ್ತಾರೆ. ಕೂಲೆಂಟ್ (ಇಂಜಿನ್ನನ್ನು ತಂಪಾಗಿಡುವ ದ್ರವ) ತಾಪಮಾನದ ಸೆನ್ಸರಿಗೆ ಪಿ0117 ಎಂದರೆ ‘ಲೋ’, ಪಿ0118 ಎಂದರೆ ‘ಹೈ’. ಇಲ್ಲಿ ಕಡಿಮೆ ಅಥವಾ ಹೆಚ್ಚು ಎಂದಿರುವುದು ವೋಲ್ಟೇಜು, ತಾಪಮಾನವಲ್ಲ. ಸೆನ್ಸರಿನ ಓದನ್ನು ಇಸಿಯುವಿಗೆ ಮುಟ್ಟಿಸುವ ಸಂಕೇತದ ವೈರು ಅರ್ತಿಗೆ ತಾಗಿದರೆ ವೋಲ್ಟೇಜ್ ಬಿದ್ದು ಪಿ0117 ಬರುತ್ತದೆ. ವೈರು ಕಡಿದರೆ ಅಥವಾ ಕಪ್ಲರ್ ಕಳಚಿದರೆ ವೋಲ್ಟೇಜ್ 5ರವರೆಗೆ ಏರಿ ಪಿ0118 ಬರುತ್ತದೆ. ಅಂದರೆ ಬಾನೆಟ್ ತೆರೆಯುವ ಮೊದಲೇ ಹುಡುಕಬೇಕಾದದ್ದು ಕಡಿದ ವೈರನ್ನೋ ಉಜ್ಜಿ ತಾಗಿದ ವೈರನ್ನೋ ಎಂಬುದು ತಿಳಿದುಹೋಗುತ್ತದೆ. ಒಳಗೆ ಬರುವ ಗಾಳಿಯ ತಾಪಮಾನದ ಪಿ0112–ಪಿ0113, ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡದ ಪಿ0107–ಪಿ0108, ಥ್ರಾಟಲ್ (ಆ ಗಾಳಿಯನ್ನು ನಿಯಂತ್ರಿಸುವ ಕವಾಟ) ಸ್ಥಾನದ ಪಿ0122–ಪಿ0123 ಜೋಡಿಗಳೂ ಇದೇ ಲೋ–ಹೈ ಕ್ರಮದಲ್ಲಿವೆ. ಆದರೆ ಮೂರು ವೈರಿನ ಸೆನ್ಸರಿನಲ್ಲಿ ಕಡಿದ ವೈರು ಯಾವ ಕೋಡನ್ನು ತರುತ್ತದೆ ಎಂಬುದು ಇಸಿಯುವಿನ ಒಳರಚನೆಯನ್ನು ಅವಲಂಬಿಸಿರುತ್ತದೆ.

ಕೋಡಿನ ಜೊತೆಗೆ ದಾಖಲಾಗುವ ಫ್ರೀಜ್ ಫ್ರೇಮ್ ಮಾಹಿತಿಯನ್ನೂ ಬರೆದಿಟ್ಟುಕೊಳ್ಳಿ ಅಥವಾ ಪರದೆಯ ಚಿತ್ರ ತೆಗೆದುಕೊಳ್ಳಿ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಸುತ್ತು ತಿರುಗುತ್ತಿತ್ತು ಎಂಬುದು ಅದರಲ್ಲಿರುತ್ತದೆ. ಅಳಿಸುವ ಗುಂಡಿ ಒತ್ತಿದರೆ, ಅಥವಾ ಅನೇಕ ಕಾರುಗಳಲ್ಲಿ ಬ್ಯಾಟರಿಯ ತಂತಿ ಬಿಚ್ಚಿದರೂ, ಈ ಸಾಕ್ಷ್ಯ ಹೋಗಿಬಿಡುತ್ತದೆ.

ಒಂದೇ ಸಲ ನಾಲ್ಕೈದು ಸೆನ್ಸರುಗಳ ಕೋಡ್ ಬಂದಿದ್ದರೆ ಗಾಬರಿಗಿಂತ ಸಮಾಧಾನಪಡಬೇಕು. ಅಷ್ಟೂ ಸೆನ್ಸರುಗಳು ಒಟ್ಟಿಗೆ ಕೆಡುವುದಿಲ್ಲ. ಅವೆಲ್ಲಕ್ಕೂ ಸಾಮಾನ್ಯವಾದ ಒಂದು ಫ್ಯೂಸ್, ಒಂದು ಅರ್ತ್ ಅಥವಾ ಒಂದು 5 ವೋಲ್ಟ್ ವೈರು ಕೈಕೊಟ್ಟಿರುತ್ತದೆ.

ಹಂತ 2: ಬ್ಯಾಟರಿ ಮತ್ತು ಅರ್ತ್

ಹಲವು ಗಂಟೆ ನಿಂತ ಕಾರಿನ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿಯಬಾರದು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಇರಬೇಕು, ಆದರೆ ಹೊಸ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸ್ಮಾರ್ಟ್ ಆಲ್ಟರ್ನೇಟರ್ ಬೇಕೆಂದೇ ಅದಕ್ಕಿಂತ ಕಡಿಮೆ ಮಾಡುವುದೂ ಉಂಟು. ದುರ್ಬಲ ಬ್ಯಾಟರಿ ಇರುವ ಕಾರಿನಲ್ಲಿ ಸೆಲ್ಫ್ ಹೊಡೆದ ಕ್ಷಣದಲ್ಲಿ ಇಸಿಯುವಿಗೆ ವಿದ್ಯುತ್ತು ಸಾಲದೆ, ಸಂಬಂಧವೇ ಇಲ್ಲದ ಕೋಡುಗಳು ದಾಖಲಾಗುತ್ತವೆ.

ಅರ್ತ್ ಪರೀಕ್ಷೆಯನ್ನು ಓಮ್ ಅಳತೆಯಿಂದ ಮಾಡುವುದು ಸಾಲದು. ಒಂದೇ ಎಳೆ ಉಳಿದಿರುವ ತುಕ್ಕುಹಿಡಿದ ತಂತಿಯೂ ಮೀಟರಿನಲ್ಲಿ ಸೊನ್ನೆ ಓಮ್ ತೋರಿಸಬಲ್ಲದು. ಅದರ ಬದಲು ಮೀಟರನ್ನು ಡಿಸಿ ವೋಲ್ಟಿಗೆ ಹಾಕಿ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಕೆಂಪು ಕಡ್ಡಿಯನ್ನು ಇಂಜಿನ್ನಿನ ಲೋಹದ ಭಾಗಕ್ಕೂ ಹಿಡಿದು ಸೆಲ್ಫ್ ಹೊಡೆಸಿ. 0.5 ವೋಲ್ಟಿಗಿಂತ ಹೆಚ್ಚು ಕಂಡರೆ ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿಯನ್ನು ಬಿಚ್ಚಿ, ತುಕ್ಕನ್ನು ಉಜ್ಜಿ, ಬಿಗಿಯಾಗಿ ಕೂರಿಸಬೇಕು. ಸೆನ್ಸರಿನ ಅರ್ತ್ ವೈರಿಗೆ ಇದೇ ಅಳತೆಯನ್ನು ಇಗ್ನಿಷನ್ ಆನ್ ಮಾಡಿ ನೋಡಿದಾಗ 0.1 ವೋಲ್ಟಿಗಿಂತ ಕಡಿಮೆ ಇರಬೇಕು.

ಹಂತ 3: ಕಣ್ಣಿನಿಂದ ನೋಡುವುದು

ಇದು ದುಡ್ಡು ಖರ್ಚಾಗದ ಹಂತವಾದ್ದರಿಂದಲೋ ಏನೋ ಎಲ್ಲರೂ ಅವಸರದಲ್ಲಿ ಮುಗಿಸುವ ಹಂತವೂ ಹೌದು. ಟಾರ್ಚು ಹಿಡಿದು ವೈರಿನ ಕಟ್ಟನ್ನು ಸೆನ್ಸರಿನಿಂದ ಹಿಡಿದು ಅದು ಬಾಡಿಯೊಳಗೆ ಹೋಗುವ ರಬ್ಬರ್ ಬುಶ್ಶಿನವರೆಗೂ ಹಿಂಬಾಲಿಸಿ. ಬ್ಯಾಟರಿಯ ಟ್ರೇ ಕೆಳಗೆ, ಇಂಜಿನ್ ಕವರಿನ ಅಡಿಯಲ್ಲಿ, ಏರ್ ಫಿಲ್ಟರ್ ಡಬ್ಬಿಯ ಹಿಂದೆ ಒಣಹುಲ್ಲು, ಅಡಿಕೆ ಸಿಪ್ಪೆ, ಬಟ್ಟೆಯ ಚೂರು ಅಥವಾ ಹಿಕ್ಕೆ ಕಂಡರೆ ಅಲ್ಲಿಯೇ ಕಚ್ಚಿದ ವೈರನ್ನು ಹುಡುಕಬೇಕು. ಇಲಿ ಎಷ್ಟೋ ಸಲ ವೈರಿನ ಮೇಲ್ಪದರವನ್ನು ಒಂದು ಬದಿಯಲ್ಲಿ ಮಾತ್ರ ಕೆರೆದಿರುತ್ತದೆ. ಮೇಲಿನಿಂದ ನೋಡಿದರೆ ವೈರು ಸರಿಯಾಗಿಯೇ ಕಾಣುತ್ತದೆ, ಬೆರಳಿನಿಂದ ತಿರುಗಿಸಿದಾಗ ತಾಮ್ರ ಇಣುಕುತ್ತದೆ.

ಕಪ್ಲರನ್ನು ಕಳಚುವಾಗ ವೈರು ಹಿಡಿದು ಎಳೆಯದೆ ಅದರ ಲಾಕನ್ನು ಒತ್ತಿ ತೆಗೆಯಿರಿ. ಒಳಗಿನ ರಬ್ಬರ್ ಸೀಲ್ ಜಾಗದಲ್ಲಿದೆಯೇ, ಪಿನ್ನು ಹಿಂದಕ್ಕೆ ಸರಿದಿದೆಯೇ, ಹಸಿರು ಕಿಲುಬು ಅಥವಾ ನೀರಿನ ಕಲೆ ಇದೆಯೇ ಎಂದು ನೋಡಿ. ಕೂಲೆಂಟ್ ಸೆನ್ಸರಿನ ಕಪ್ಲರಿನಲ್ಲಿ ಕೂಲೆಂಟೇ ಇಳಿದು ಕಲೆ ಮೂಡಿದ್ದರೆ ಸೆನ್ಸರ್ ಒಳಗಿನಿಂದ ಸೋರುತ್ತಿದೆ. ಆಗ ಮಾತ್ರ ಮುಂದಿನ ಅಳತೆಗಳಿಲ್ಲದೆ ಸೆನ್ಸರನ್ನು ಬದಲಿಸಬಹುದು. ಅರಸೀಕೆರೆ, ಕಡೂರಿನಂಥ ಒಣ ಸೀಮೆಯ ಕಾರುಗಳಲ್ಲಿ ಕಿಲುಬಿಗಿಂತ ಧೂಳಿನ ತೊಂದರೆ ಹೆಚ್ಚು. ಅಲ್ಲಿ ಏರ್ ಫಿಲ್ಟರ್ ಡಬ್ಬಿ ಸರಿಯಾಗಿ ಮುಚ್ಚದೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ಸೂಕ್ಷ್ಮ ತಂತಿಯ ಮೇಲೆ ಮಣ್ಣು ಕೂರುತ್ತದೆ.

ಹಂತ 4: ಲೈವ್ ಡೇಟಾ (ಸೆನ್ಸರುಗಳ ಆ ಕ್ಷಣದ ಓದು)

ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಇಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಕೂಲೆಂಟ್ ತಾಪಮಾನ ಮತ್ತು ಒಳಗಾಳಿಯ ತಾಪಮಾನವನ್ನು ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರವಾಗಿ, ತಮ್ಮೊಳಗೆ ಕೆಲವೇ ಡಿಗ್ರಿಗಳ ವ್ಯತ್ಯಾಸದಲ್ಲಿ ಇರಬೇಕು. ಜನವರಿಯ ಮುಂಜಾನೆ ಚಿಕ್ಕಮಗಳೂರಿನಲ್ಲಿ ಒಳಗಾಳಿ 16 ಡಿಗ್ರಿ ಎಂದೂ ಕೂಲೆಂಟ್ 41 ಡಿಗ್ರಿ ಎಂದೂ ಕಂಡರೆ ಕೂಲೆಂಟ್ ಸರ್ಕ್ಯೂಟು ಸುಳ್ಳು ಹೇಳುತ್ತಿದೆ. ಇಂಥ ಸಣ್ಣ ಸುಳ್ಳಿಗೆ ಕೋಡ್ ಬಾರದೆಯೂ ಇರಬಹುದು, ಏಕೆಂದರೆ ಆ ಅಂಕಿ ಇಸಿಯುವಿನ ದೃಷ್ಟಿಯಲ್ಲಿ ಅಸಾಧ್ಯವಾದದ್ದಲ್ಲ. ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಮೈಲೇಜ್ ಬೀಳುವುದು ಇವೇ ಅದರ ಲಕ್ಷಣ.

ಮೈನಸ್ 40 ಡಿಗ್ರಿ ಎಂದು ಕಂಡರೆ ಸರ್ಕ್ಯೂಟ್ ಕಡಿದಿದೆ. 130–140 ಡಿಗ್ರಿ ಮೀರಿದ ಅಂಕಿ ತಣ್ಣನೆಯ ಇಂಜಿನ್ನಿನಲ್ಲಿ ಕಂಡರೆ ಸಂಕೇತದ ವೈರು ಅರ್ತಿಗೆ ತಾಗಿದೆ. ಆದರೆ ಒಂದು ವಿಷಯದಲ್ಲಿ ಹುಷಾರಾಗಿರಬೇಕು: ದೋಷವನ್ನು ಗುರುತಿಸಿದ ಮೇಲೆ ಕೆಲವು ಇಸಿಯುಗಳು ತಮ್ಮದೇ ಊಹೆಯ ಒಂದು ಅಂಕಿಯನ್ನು ಇಟ್ಟುಕೊಂಡು ಅದನ್ನೇ ಸ್ಕ್ಯಾನರಿಗೂ ತೋರಿಸುತ್ತವೆ ಮತ್ತು ರಕ್ಷಣೆಗಾಗಿ ರೇಡಿಯೇಟರ್ ಫ್ಯಾನನ್ನು ನಿರಂತರ ಓಡಿಸುತ್ತವೆ. ತಣ್ಣನೆಯ ಇಂಜಿನ್ನಿನಲ್ಲಿ ಫ್ಯಾನ್ ತಿರುಗುತ್ತಾ ಸ್ಕ್ಯಾನರಿನಲ್ಲಿ ಅಲುಗಾಡದ 80 ಡಿಗ್ರಿ ಕಂಡರೆ ಆ ಅಂಕಿಯನ್ನು ನಂಬಬೇಡಿ, ಮೀಟರ್ ಹಿಡಿದು ಅಳೆಯಿರಿ.

ಹಂತ 5: ಎರಡು ವೈರಿನ ಸೆನ್ಸರ್, ಪಿ0118 ಉದಾಹರಣೆಯೊಂದಿಗೆ

ಕೂಲೆಂಟ್ ಸೆನ್ಸರಿನೊಳಗೆ ಇರುವುದು ಬಿಸಿಯಾದಷ್ಟೂ ರೋಧ ಇಳಿಯುವ ಒಂದು ಥರ್ಮಿಸ್ಟರ್ ಮಾತ್ರ. ಇಸಿಯು ತನ್ನೊಳಗಿನ ಒಂದು ರೆಸಿಸ್ಟರಿನ ಮೂಲಕ 5 ವೋಲ್ಟ್ ಕಳುಹಿಸಿ, ಥರ್ಮಿಸ್ಟರ್ ಅದರಲ್ಲಿ ಎಷ್ಟನ್ನು ಕೆಳಗೆಳೆಯುತ್ತದೆ ಎಂಬುದನ್ನು ನೋಡಿ ತಾಪಮಾನವನ್ನು ಲೆಕ್ಕ ಹಾಕುತ್ತದೆ. ಇಷ್ಟನ್ನು ತಿಳಿದುಕೊಂಡರೆ ಪರೀಕ್ಷೆಯ ಕ್ರಮವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಮೊದಲು ಕಪ್ಲರ್ ಕಳಚಿ, ಇಗ್ನಿಷನ್ ಆನ್ ಮಾಡಿ, ವೈರಿನ ಕಡೆಯ ಎರಡು ಪಿನ್ನುಗಳ ನಡುವೆ ವೋಲ್ಟೇಜ್ ಅಳೆಯಿರಿ. ಮೀಟರಿನ ದಪ್ಪ ಕಡ್ಡಿಯನ್ನು ಕಪ್ಲರಿನ ತೂತಿನೊಳಗೆ ತುರುಕಬೇಡಿ. ಒಳಗಿನ ಪಿನ್ನಿನ ಬಾಯಿ ಅಗಲವಾಗಿ, ಇಲ್ಲದ ದೋಷವೊಂದು ಹೊಸದಾಗಿ ಹುಟ್ಟುತ್ತದೆ. ಪಿನ್ನಿನ ಗಾತ್ರದ ತಂತಿಯನ್ನು ಹಗುರವಾಗಿ ತಾಗಿಸಿ. ಕಪ್ಲರ್ ಸಿಕ್ಕಿಸಿದಂತೆಯೇ ಅಳೆಯಬೇಕಾದಾಗ ಅದರ ಹಿಂಬದಿಯಿಂದ ವೈರಿನ ಪಕ್ಕಕ್ಕೆ ಗುಂಡುಸೂಜಿಯನ್ನು ಸರಿಸಿ ಪಿನ್ನನ್ನು ಮುಟ್ಟಬಹುದು. ವೈರಿನ ಮೇಲ್ಪದರವನ್ನು ಚುಚ್ಚುವ ಅಭ್ಯಾಸ ನಮ್ಮ ಮಳೆಗೆ ಸಲ್ಲದು, ಆ ತೂತಿನಿಂದ ಇಳಿದ ತೇವ ತಾಮ್ರವನ್ನು ಒಳಗೊಳಗೇ ಪುಡಿ ಮಾಡುತ್ತದೆ.

ಸುಮಾರು 5 ವೋಲ್ಟ್ ಬಂದರೆ ಸಂಕೇತದ ವೈರು ಮತ್ತು ಅರ್ತ್ ವೈರು ಎರಡೂ ಇಸಿಯುವರೆಗೆ ಮುಟ್ಟಿವೆ ಎಂದಾಯಿತು. ಬಾರದಿದ್ದರೆ ಕೆಂಪು ಕಡ್ಡಿಯನ್ನು ಸಂಕೇತದ ಪಿನ್ನಿನಲ್ಲಿಯೇ ಇಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಒಯ್ಯಿರಿ. ಈಗ 5 ವೋಲ್ಟ್ ಕಂಡರೆ ಕಡಿದಿರುವುದು ಅರ್ತ್ ವೈರು. ಈಗಲೂ ಕಾಣದಿದ್ದರೆ ಸಂಕೇತದ ವೈರು ಕಡಿದಿದೆ ಅಥವಾ ಎಲ್ಲಿಯೋ ಅರ್ತಿಗೆ ತಾಗಿದೆ. ಹೊಸ ಸೆನ್ಸರ್ ಹಾಕಿದರೂ ಈ ಯಾವ ತೊಂದರೆಯೂ ಹೋಗುವುದಿಲ್ಲ.

5 ವೋಲ್ಟ್ ಸರಿಯಾಗಿ ಬರುತ್ತಿದ್ದರೆ ಮುಂದಿನ ಪರೀಕ್ಷೆ ನಿರ್ಣಾಯಕವಾದದ್ದು. ಕಪ್ಲರ್ ಕಳಚಿದ ಸ್ಥಿತಿಯಲ್ಲಿ ಸ್ಕ್ಯಾನರ್ ಮೈನಸ್ 40ರ ಬಳಿ ತೋರಿಸುತ್ತದೆ. ವೈರಿನ ಕಡೆಯ ಎರಡು ಪಿನ್ನುಗಳನ್ನು ಒಂದು ತೆಳು ತಂತಿಯಿಂದ ಕ್ಷಣಕಾಲ ಜೋಡಿಸಿದರೆ ಆ ಅಂಕಿ ತಟ್ಟನೆ ಮೇಲಿನ ಮಿತಿಗೆ, ಅಂದರೆ 130–140 ಅಥವಾ ಅದಕ್ಕೂ ಮೇಲಕ್ಕೆ ಹಾರಬೇಕು. ಹಾರಿದರೆ ವೈರು, ಅರ್ತ್, ಇಸಿಯು ಮೂರೂ ನಿರ್ದೋಷಿಗಳು. ಉಳಿದದ್ದು ಸೆನ್ಸರ್ ಮತ್ತು ಅದರ ಪಿನ್ನುಗಳ ಸಂಪರ್ಕ ಮಾತ್ರ. ಊಹೆಯ ಅಂಕಿ ಹಿಡಿದು ಕೂರುವ ಇಸಿಯುಗಳಲ್ಲಿ ಮಾತ್ರ ಸ್ಕ್ಯಾನರಿನ ಬದಲು ಮೀಟರಿನ ಓದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಹೀಗೆ ಪಿನ್ನುಗಳನ್ನು ಜೋಡಿಸುವ ಪರೀಕ್ಷೆ ಎರಡು ವೈರಿನ ತಾಪಮಾನದ ಸೆನ್ಸರಿಗೆ ಮಾತ್ರ ಸೀಮಿತ ಎಂಬುದನ್ನು ಒತ್ತಿ ಹೇಳಬೇಕು. ಮೂರು ವೈರಿನ ಸೆನ್ಸರಿನಲ್ಲಿ ಇದೇ ಪ್ರಯೋಗ ಮಾಡಿ 5 ವೋಲ್ಟಿನ ವೈರನ್ನು ಅರ್ತಿಗೆ ತಾಗಿಸಿದರೆ ಇಂಜಿನ್ನಿನ ಇತರ ಸೆನ್ಸರುಗಳೂ ಒಮ್ಮೆಗೇ ಕುರುಡಾಗುತ್ತವೆ.

ಕೊನೆಗೆ ಸೆನ್ಸರಿನ ರೋಧವನ್ನು ಅಳೆಯಿರಿ. ಬಹಳಷ್ಟು ಕಾರುಗಳಲ್ಲಿ ಅದು 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರುತ್ತದೆ. ನಿಮ್ಮ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ. ತಣ್ಣನೆಯ ಇಂಜಿನ್ನಿನಲ್ಲಿ ಒಂದು ಸಲ, ಬಿಸಿಯಾದ ಮೇಲೆ ಒಂದು ಸಲ ಅಳೆದರೆ ಸಾಕು. ಬಿಸಿ ಇಂಜಿನ್ನಿನಿಂದ ಸೆನ್ಸರನ್ನು ಬಿಚ್ಚಿದರೆ ಕುದಿಯುವ ಕೂಲೆಂಟ್ ಮೈಮೇಲೆ ಚಿಮ್ಮುತ್ತದೆ.

ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಜೀಪುಗಳಲ್ಲಿ ಇಸಿಯು ಇಲ್ಲ, ಕೋಡೂ ಇಲ್ಲ. ಮೀಟರಿನ ಮುಳ್ಳಿಗೆ ತಾಪಮಾನ ತಿಳಿಸುವ ಸೆಂಡರಿಗೆ ಒಂದೇ ವೈರು ಇದ್ದು, ಅದರ ಅರ್ತ್ ಸೆಂಡರಿನ ಮರೆಯ (ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತುಗಳ) ಮೂಲಕವೇ ಇಂಜಿನ್ನಿಗೆ ಸೇರುತ್ತದೆ. ಸೋರದಿರಲೆಂದು ಮರೆಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದರೆ ಆ ಅರ್ತಿಗೇ ಅಡ್ಡಿಯಾಗಿ ಮುಳ್ಳು ತಪ್ಪು ತೋರಿಸಬಹುದು.

ಹಂತ 6: ಮೂರು ವೈರಿನ ಸೆನ್ಸರ್ ಮತ್ತು ನಮ್ಮ ಊರಿನ ಎತ್ತರ

ಥ್ರಾಟಲ್, ಮ್ಯಾನಿಫೋಲ್ಡ್ ಒತ್ತಡ, ಆಕ್ಸಿಲರೇಟರ್ ಪೆಡಲ್ ಮುಂತಾದ ಸೆನ್ಸರುಗಳಿಗೆ 5 ವೋಲ್ಟ್, ಅರ್ತ್, ಸಂಕೇತ ಎಂಬ ಮೂರು ವೈರುಗಳಿರುತ್ತವೆ. ಪೆಡಲಿನಲ್ಲಿ ಸುರಕ್ಷತೆಗಾಗಿ ಇದೇ ಜೋಡಣೆ ಎರಡು ಸಲ ಇರುತ್ತದೆ. ಮೊದಲು 5 ವೋಲ್ಟ್, ಆಮೇಲೆ ಅರ್ತ್, ಅವೆರಡೂ ಸರಿ ಇದ್ದರೆ ಮಾತ್ರ ಸಂಕೇತ, ಈ ಅನುಕ್ರಮವನ್ನು ಬದಲಿಸಬೇಡಿ. 5 ವೋಲ್ಟ್ ಬಾರದಿದ್ದರೆ ಮೀಟರನ್ನು ಅಲ್ಲಿಯೇ ಇಟ್ಟು, ಅದೇ ವೈರನ್ನು ಹಂಚಿಕೊಂಡಿರುವ ಇತರ ಸೆನ್ಸರುಗಳ ಕಪ್ಲರುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಒಳಗೆ ಶಾರ್ಟ್ ಆಗಿ ಎಲ್ಲರ ಪಾಲಿನ ವಿದ್ಯುತ್ತನ್ನು ನುಂಗುತ್ತಿದ್ದ ಸೆನ್ಸರ್. ಎಲ್ಲವನ್ನೂ ಕಳಚಿದ ಮೇಲೂ ಬಾರದಿದ್ದರೆ ತೊಂದರೆ ವೈರಿನಲ್ಲೋ ಇಸಿಯುವಿನಲ್ಲೋ ಇದೆ.

ಥ್ರಾಟಲ್ ಸಂಕೇತ ಸಾಮಾನ್ಯವಾಗಿ ಮುಚ್ಚಿದಾಗ 0.5 ವೋಲ್ಟಿನ ಬಳಿ ಆರಂಭವಾಗಿ ಪೂರ್ತಿ ತೆರೆದಾಗ 4.5ರ ಬಳಿ ತಲುಪುತ್ತದೆ. ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತಾ ಅಂಕಿ ಎಲ್ಲಿಯೂ ಜಿಗಿಯದೆ ಏರುತ್ತದೆಯೇ ನೋಡಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸವೆದ ಹಳೆಯ ಸೆನ್ಸರುಗಳು ಆ ಜಾಗದಲ್ಲಿ ಮಾತ್ರ ಸೊನ್ನೆಗೆ ಬಿದ್ದು ಎದ್ದೇಳುತ್ತವೆ.

ಮ್ಯಾನಿಫೋಲ್ಡ್ ಒತ್ತಡದ ಸೆನ್ಸರನ್ನು ಪರೀಕ್ಷಿಸುವಾಗ ಅಂತರ್ಜಾಲದಲ್ಲಿ ಸಿಗುವ ಅಂಕಿಗಳು ನಮ್ಮವರನ್ನು ದಾರಿ ತಪ್ಪಿಸುತ್ತವೆ. ಇಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಮಾಡಿದರೆ ಈ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು, ಅದು 101 ಕಿಲೋಪ್ಯಾಸ್ಕಲ್ ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಕಡಲಮಟ್ಟದ ಅಂಕಿ, ಮಂಗಳೂರಿಗೆ ಸರಿ. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ನಮ್ಮ ಎರಡೂ ಜಿಲ್ಲಾ ಕೇಂದ್ರಗಳಲ್ಲಿ 89ರಿಂದ 91 ಕಿಲೋಪ್ಯಾಸ್ಕಲ್ ಕಂಡರೆ ಸೆನ್ಸರ್ ಆರೋಗ್ಯವಾಗಿದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಗಾಳಿಯ ಒತ್ತಡ 80ರ ಬಳಿಗೆ ಇಳಿದಿರುತ್ತದೆ. ಚಿಕ್ಕಮಗಳೂರಿನಲ್ಲಿ ನಿಂತು 101 ತೋರಿಸುವ ಸೆನ್ಸರನ್ನೇ ಅನುಮಾನಿಸಬೇಕು. ಕೈಮರದಿಂದ ಗಿರಿಯ ಕಡೆಗೆ ಹತ್ತುವ ರಸ್ತೆಯಲ್ಲಿ ಅಲ್ಲಲ್ಲಿ ಸುರಕ್ಷಿತ ಜಾಗದಲ್ಲಿ ನಿಂತು, ಇಂಜಿನ್ ಆರಿಸಿ ಓದನ್ನು ನೋಡಿದರೆ ಅದು ಎತ್ತರಕ್ಕೆ ತಕ್ಕಂತೆ ಇಳಿಯುತ್ತದೆಯೇ ಎಂಬುದೂ ತಿಳಿಯುತ್ತದೆ. ದುಬಾರಿ ಉಪಕರಣವಿಲ್ಲದೆ ಸೆನ್ಸರಿನ ನಿಖರತೆಯನ್ನು ಪರೀಕ್ಷಿಸುವ ಇಂಥ ಅವಕಾಶ ಬಯಲುಸೀಮೆಯವರಿಗೆ ಇಲ್ಲ.

ಇತರ ಕೆಲವು ಸೆನ್ಸರುಗಳು

ಇಂಜಿನ್ನಿನ ತಿರುಗುವಿಕೆಯನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕೆಟ್ಟರೆ ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ; ಕೋಡ್ ಪಿ0335. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಇಂಜಿನ್ ಸುತ್ತು ಸೊನ್ನೆಯಲ್ಲೇ ನಿಂತಿದ್ದರೆ ಅನುಮಾನ ಬಲವಾಗುತ್ತದೆ. ಎರಡು ವೈರಿನ ಸುರುಳಿ ಮಾದರಿಗೆ ಸಾಮಾನ್ಯವಾಗಿ ಕೆಲವು ನೂರರಿಂದ ಒಂದೂವರೆ ಸಾವಿರ ಓಮ್ ರೋಧ ಇರುತ್ತದೆ, ಸೆಲ್ಫ್ ಹೊಡೆದಾಗ ಎಸಿ ವೋಲ್ಟ್ ಹುಟ್ಟುತ್ತದೆ. ಒಳಗೆ ಎಲೆಕ್ಟ್ರಾನಿಕ್ ಭಾಗವಿರುವ ಮೂರು ವೈರಿನ ‘ಹಾಲ್’ ಮಾದರಿಗೆ ಓಮ್ ಅಳತೆ ಅನ್ವಯಿಸುವುದಿಲ್ಲ. ಅದಕ್ಕೆ ವಿದ್ಯುತ್ತು ಮತ್ತು ಅರ್ತ್ ಇವೆಯೇ, ಸಂಕೇತ ಏರಿಳಿಯುತ್ತದೆಯೇ ಎಂದು ನೋಡಬೇಕು. ಘಾಟಿ ಹತ್ತಿ ಬಿಸಿಯಾದಾಗ ಇಂಜಿನ್ ಆರಿ, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವುದು ಇದರ ಹಳೆಯ ಚಾಳಿ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಬಂದಾಗ ಬೇರೊಬ್ಬರು ಕಾರು ಓಡಿಸುತ್ತಿರಲು 20–30 ಕಿಲೋಮೀಟರ್ ವೇಗದಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಸ್ಕ್ಯಾನರಿನಲ್ಲಿ ಹೋಲಿಸಿ. ಸಾಮಾನ್ಯ ಅಡಾಪ್ಟರುಗಳಲ್ಲಿ ಎಬಿಎಸ್ ಮಾಹಿತಿ ಬಾರದಿದ್ದರೆ ಗ್ಯಾರೇಜಿನ ಸ್ಕ್ಯಾನರ್ ಬೇಕಾಗುತ್ತದೆ. ಒಂದು ಚಕ್ರದ್ದು ಮಾತ್ರ ಬೀಳುತ್ತಿದ್ದರೆ ಸೆನ್ಸರಿನ ತುದಿಗೆ ಅಂಟಿರುವ ಕೆಸರು ಮತ್ತು ಕಬ್ಬಿಣದ ಪುಡಿಯನ್ನು ಒರೆಸಿ, ಚಕ್ರ ತಿರುಗುವಾಗ ಬಾಗುವ ಜಾಗದಲ್ಲಿ ವೈರನ್ನು ಪರಿಶೀಲಿಸಿ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರಿನ ಹೀಟರ್ ಕೋಡ್ ಬಂದರೆ ಮೊದಲು ಅದರ ಫ್ಯೂಸ್ ನೋಡಬೇಕು. ಹೀಟರಿಗೆ ಹೆಚ್ಚು ಕರೆಂಟ್ ಬೇಕಾದ್ದರಿಂದ ಬರೀ ವೋಲ್ಟ್ ಕಂಡರೆ ಸಾಲದು; ಸೆನ್ಸರ್ ಜೋಡಿಸಿದ ಸ್ಥಿತಿಯಲ್ಲಿ, ಇಂಜಿನ್ ಓಡುವಾಗ ಅಳೆಯಬೇಕು. ‘ಯು’ ಕೋಡುಗಳಿಗೆ ಬ್ಯಾಟರಿ ಕಳಚಿ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ರೋಧ ಅಳೆದರೆ ಅನೇಕ ಕಾರುಗಳಲ್ಲಿ 60 ಓಮ್ ಬರಬೇಕು. 120 ಬಂದರೆ ಒಂದು ಕಡೆ ಸಂಪರ್ಕ ಕಡಿದಿದೆ.

ಬಂದು ಹೋಗುವ ದೋಷ

ಗ್ಯಾರೇಜಿಗೆ ಹೋದಾಗ ಕಾಣದೆ ಮಳೆಯಲ್ಲಿ ಮಾತ್ರ ಕಾಣುವ ದೋಷಕ್ಕೆ ದೋಷದ ವಾತಾವರಣವನ್ನೇ ಮರುಸೃಷ್ಟಿಸಬೇಕು. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಲೈವ್ ಡೇಟಾದ ಗ್ರಾಫ್ ನೋಡುತ್ತಾ ವೈರಿನ ಕಟ್ಟನ್ನು ಅಂಗುಲ ಅಂಗುಲವಾಗಿ ಅಲುಗಾಡಿಸಿ, ಕಪ್ಲರನ್ನು ಬೆರಳಿನಿಂದ ತಟ್ಟಿ. ಫ್ಯಾನು ಮತ್ತು ಬೆಲ್ಟಿನಿಂದ ಕೈ ದೂರವಿರಲಿ. ಗ್ರಾಫ್ ಎಲ್ಲಿ ಮುರಿಯಿತೋ ಅಲ್ಲಿಯೇ ಬಿಚ್ಚಿ ನೋಡಿ. ಪ್ರತಿಕ್ರಿಯೆ ಬಾರದಿದ್ದರೆ ಕೈಪಂಪಿನ ಬಾಟಲಿಯಿಂದ ಆ ಸೆನ್ಸರಿನ ಕಪ್ಲರಿನ ಸುತ್ತ ಮಾತ್ರ ನೀರು ಸಿಂಪಡಿಸಬಹುದು. ಬಿಸಿಯಾದಾಗ ಬರುವ ದೋಷವಾದರೆ ಹೇರ್ ಡ್ರೈಯರಿನಿಂದ ಸೆನ್ಸರನ್ನು ಬಿಸಿ ಮಾಡಬಹುದು. ಇದಕ್ಕೆ ತಾಳ್ಮೆ ಬೇಕು, ಆದರೆ ಊಹೆಯ ಮೇಲೆ ಮೂರು ಸೆನ್ಸರ್ ಬದಲಿಸುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ರಿಪೇರಿ ಮತ್ತು ಖಾತರಿ

ಕಿಲುಬು ಹಿಡಿದ ಕಪ್ಲರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ರಬ್ಬರ್ ಸೀಲಿಗೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಪಿನ್ನುಗಳೇ ತಿಂದುಹೋಗಿದ್ದರೆ ಕಪ್ಲರನ್ನು ವೈರಿನ ತುಂಡಿನ ಸಮೇತ ಬದಲಿಸಬೇಕು. ಇಲಿ ಕಚ್ಚಿದ ವೈರುಗಳನ್ನು ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವುದು ರಿಪೇರಿ ಅಲ್ಲ. ಇಂಜಿನ್ನಿನ ಬಿಸಿಗೆ ಆ ಟೇಪಿನ ಅಂಟು ಕರಗಿ ಮುಂದಿನ ಮಳೆಗಾಲಕ್ಕೇ ಅದೇ ಕೋಡ್ ಮರಳುತ್ತದೆ. ಅದೇ ದಪ್ಪದ ವೈರಿನಿಂದ ಜೋಡಿಸಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಿ, ಪಕ್ಕಪಕ್ಕದ ವೈರುಗಳ ಜೋಡಣೆ ಒಂದೇ ಜಾಗದಲ್ಲಿ ಬಾರದಂತೆ ಹಿಂದು ಮುಂದು ಮಾಡಿ. ಹೆಣೆದುಕೊಂಡಿರುವ ಜೋಡಿ ವೈರುಗಳನ್ನು ರಿಪೇರಿಯ ನಂತರವೂ ಹಾಗೆಯೇ ಹೆಣೆದಿಡಬೇಕು, ಆ ಹೆಣಿಗೆ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುತ್ತದೆ.

ಎಲ್ಲ ಮುಗಿದ ಮೇಲೆ ಕೋಡನ್ನು ಅಳಿಸಿ, ಫ್ರೀಜ್ ಫ್ರೇಮಿನಲ್ಲಿ ಇದ್ದಂಥದೇ ಸ್ಥಿತಿಯಲ್ಲಿ ಕಾರನ್ನು ಓಡಿಸಿ. ಚಡಾವಿನಲ್ಲಿ ಬಿಸಿಯಾದಾಗ ಬಂದ ದೋಷಕ್ಕೆ ಹಾಸನದ ಸಮತಟ್ಟಾದ ವರ್ತುಲ ರಸ್ತೆಯ ಸುತ್ತು ಪರೀಕ್ಷೆಯಾಗುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮರಳಿ ಹತ್ತಬೇಕು. ದೀಪ ಹೊತ್ತದಿದ್ದರೂ ಸ್ಕ್ಯಾನರಿನಲ್ಲಿ ಪೆಂಡಿಂಗ್ ಕೋಡುಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಏಕೆಂದರೆ ಕೆಲವು ದೋಷಗಳಿಗೆ ಸತತ ಎರಡು ಓಡಾಟಗಳಲ್ಲಿ ಕಂಡ ಮೇಲಷ್ಟೇ ಇಸಿಯು ದೀಪ ಹೊತ್ತಿಸುತ್ತದೆ. ನಡುವೆ ಎಲ್ಲಿಯಾದರೂ ನಿಲ್ಲಿಸಿ ಆಟೋ ಎಲೆಕ್ಟ್ರೀಷಿಯನ್ ಬಳಿಗೆ ಕಾರನ್ನು ಒಯ್ಯುವುದಾದರೆ ಕೋಡ್, ಫ್ರೀಜ್ ಫ್ರೇಮ್, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಕಂಡಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಅಲ್ಲಿಂದ ಮುಂದಿನ ಹಂತವನ್ನು ಅವರು ನೇರವಾಗಿ ಹಿಡಿಯಬಹುದು.